ಮೈಯ ಒಕ್ಕಲು, ಮೈಯ ಕಾವಲು

ಕಳೆದ ವರ್ಷ ಓಣಂ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಅಧ್ಯಾಪಕರ ಕೋಣೆಗೆ ಬಂದರು. ಮಗಳಿಗೆ ಎರಡು ತಿಂಗಳಿಂದ ಬಿಟ್ಟು ಬಿಟ್ಟು ಜ್ವರ. ಬೆರಳಿನ ಗಂಟುಗಳಲ್ಲಿ ನೋವು. ಬಿಸಿಲಿಗೆ ಹೋಗಿ ಬಂದರೆ ಎರಡು ಕೆನ್ನೆಗಳೂ ಕೆಂಪಾಗುತ್ತಿದ್ದವು. ಮಂಗಳೂರಿಗೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದ ಕಾಗದ ಆ ತಾಯಿಯ ಕೈಯಲ್ಲಿತ್ತು. ಕಾಗದ ಇಂಗ್ಲಿಷಿನಲ್ಲಿತ್ತು.

"ಮಾಷ್ಟ್ರೇ, ಇದನ್ನು ಒಮ್ಮೆ ಓದಿ ಹೇಳ್ತೀರಾ? ಡಾಕ್ಟ್ರು ಹೇಳಿದ್ದು ಅರ್ಧ ಅರ್ಥ ಆಯ್ತು, ಅರ್ಧ ಆಗಲಿಲ್ಲ. ಮನೆಯಲ್ಲಿ ಎಲ್ಲರೂ ಕೇಳ್ತಾರೆ. ಇದು ಯಾರಿಂದ ಅಂಟಿದ್ದು? ನಮ್ಮಿಂದ ಏನು ತಪ್ಪಾಯ್ತು? ಇದು ಗುಣ ಆಗ್ತದಾ?"

ಕಾಗದದಲ್ಲಿ 'ಲೂಪಸ್' ಎಂಬ ರೋಗದ ಹೆಸರಿತ್ತು. 'ರೋ' ಎಂಬುದಕ್ಕೆ ವಿರುದ್ಧವಾದ ಪ್ರತಿಕಾಯ ರಕ್ತದಲ್ಲಿದೆ ಎಂದೂ ಬರೆದಿತ್ತು. ವಿಜ್ಞಾನ ಪಾಠ ಹೇಳುವ ನಮಗೂ ಅಂದು ಆ ತಾಯಿಗೆ ತೃಪ್ತಿಯಾಗುವಂತೆ ಉತ್ತರ ಹೇಳಲಾಗಲಿಲ್ಲ. ಅದೇ ವಾರ ತರಗತಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಆ ಹುಡುಗಿಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಇಬ್ಬರು ಎದ್ದು ಬೇರೆ ಬೆಂಚಿಗೆ ಹೋದರು. ಹೀಗೆ ಉತ್ತರ ಹುಡುಕಿ ಓದುವುದು ನಮಗೆ ಅನಿವಾರ್ಯವಾಯಿತು. ಓದಿ ತಿಳಿದುದನ್ನು ತಾಯಿಯ ಒಪ್ಪಿಗೆ ಪಡೆದು, ಹುಡುಗಿಯ ಹೆಸರನ್ನಾಗಲಿ ತರಗತಿಯನ್ನಾಗಲಿ ಹೇಳದೆ, ಇಲ್ಲಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಮಾತೇ ಕೊನೆಯ ಮಾತು. ರೋಗದ ಹಿಂದಿರುವ ವಿಜ್ಞಾನವನ್ನು ನಮ್ಮ ಭಾಷೆಯಲ್ಲಿ ತಿಳಿಸುವುದಷ್ಟೇ ಈ ಬರಹದ ಉದ್ದೇಶ.

ಮೈಮೇಲೆ ನೆಲೆಸಿದ ಒಕ್ಕಲುಗಳು

ಬ್ಯಾಕ್ಟೀರಿಯಾ ಎಂದೊಡನೆ ನಮಗೆ ಕ್ಷಯ, ಕಾಲರಾ ಮೊದಲಾದ ರೋಗಗಳ ನೆನಪಾಗುತ್ತದೆ. ಆದರೆ ರಾತ್ರಿ ಅರೆದಿಟ್ಟ ಉದ್ದಿನ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದು ಉಬ್ಬುವುದೂ, ಹೆಪ್ಪು ಹಾಕಿದ ಹಾಲು ಮೊಸರಾಗುವುದೂ ಇದೇ ಬ್ಯಾಕ್ಟೀರಿಯಾಗಳ ಕೆಲಸ. ಅಡುಗೆಮನೆಯಲ್ಲಿ ಹೇಗೋ ಹಾಗೆ ನಮ್ಮ ದೇಹದಲ್ಲಿಯೂ ಅವು ಇವೆ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಎಂಬವನು 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದನು. ಅದರಲ್ಲಿ ಅತಿ ಸಣ್ಣ ಜೀವಿಗಳು ಓಡಾಡುತ್ತಿರುವುದನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಮನುಷ್ಯನ ದೇಹದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಮೊದಮೊದಲ ವರ್ಣನೆಗಳಲ್ಲಿ ಅದೂ ಒಂದು.

ಇವುಗಳ ಸಂಖ್ಯೆ ಎಷ್ಟು? ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಒಂದು ಲೆಕ್ಕ ಹಾಕಿದರು. 70 ಕಿಲೋ ತೂಕದ ಒಬ್ಬ ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳಿದ್ದರೆ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಇವೆ. ಇಷ್ಟಿದ್ದರೂ ಅವುಗಳ ಒಟ್ಟು ತೂಕ ಸುಮಾರು 200 ಗ್ರಾಮು ಮಾತ್ರ. ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. ಉಳಿದವು ಬಾಯಿ, ಮೂಗು, ಚರ್ಮಗಳಲ್ಲಿವೆ. ಚರ್ಮದಲ್ಲಿಯೂ ಎಲ್ಲ ಕಡೆ ಒಂದೇ ಬಗೆಯವು ಇರುವುದಿಲ್ಲ. ಎಣ್ಣೆಯ ಅಂಶವಿರುವ ಹಣೆಯಲ್ಲಿ ಒಂದು ಬಗೆ, ಬೆವರಿನ ಕಂಕುಳಲ್ಲಿ ಇನ್ನೊಂದು ಬಗೆ, ಒಣಗಿದ ಮುಂಗೈಯಲ್ಲಿ ಮತ್ತೊಂದು ಬಗೆ. ತೋಟದಲ್ಲಿ, ಗದ್ದೆಯಲ್ಲಿ, ಗುಡ್ಡದಲ್ಲಿ ಬೇರೆ ಬೇರೆ ಗಿಡಗಳು ಬೆಳೆಯುವಂತೆಯೇ ಇದು.

ಹೆರಿಗೆಯ ಹೊತ್ತಿನಲ್ಲಿಯೂ ಅನಂತರ ಎದೆಹಾಲಿನ ಮೂಲಕವೂ ತಾಯಿಯಿಂದ ಬಹಳಷ್ಟು ಬ್ಯಾಕ್ಟೀರಿಯಾಗಳು ಮಗುವಿಗೆ ಬರುತ್ತವೆ. ಅವು ಬಿಟ್ಟಿಯಾಗಿ ಕುಳಿತಿರುವುದಿಲ್ಲ. ನಾವು ಜೀರ್ಣಿಸಲಾರದ ಸೊಪ್ಪು ತರಕಾರಿಗಳ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ನಮಗೆ ಉಪಯೋಗವಾಗುವಂತೆ ಮಾಡುತ್ತವೆ. ಕೆ ಎಂಬ ಜೀವಸತ್ತ್ವವನ್ನು ತಯಾರಿಸಿ ಕೊಡುತ್ತವೆ. ಹೊರಗಿನಿಂದ ಬರುವ ರೋಗಾಣುಗಳಿಗೆ ಸ್ಥಳ ಸಿಗದಂತೆ ಜಾಗವನ್ನು ತುಂಬಿಕೊಂಡಿರುತ್ತವೆ. ಭೂಮಿಯಲ್ಲಿ ಕುಳಿತು ದುಡಿದು ಗೇಣಿ ಸಲ್ಲಿಸುತ್ತಿದ್ದ ಹಿಂದಿನ ಕಾಲದ ಒಕ್ಕಲುಗಳಿಗೆ ಇವನ್ನು ಹೋಲಿಸಬಹುದು.

ಕಾವಲು ತಪ್ಪಿದಾಗ

ನಮ್ಮ ದೇಹಕ್ಕೆ ಒಂದು ಕಾವಲು ವ್ಯವಸ್ಥೆಯೂ ಇದೆ. ಬಿಳಿ ರಕ್ತಕಣಗಳು ಅದರ ಕಾವಲುಗಾರರು. ಇವುಗಳಲ್ಲಿ ಕೆಲವು ಕಣಗಳು ಶತ್ರುವನ್ನು ನೇರವಾಗಿ ನುಂಗುತ್ತವೆ. 'ಟಿ ಕಣ' ಎಂಬವು ಗುರುತು ಹಿಡಿದು ಇತರ ಕಣಗಳಿಗೆ ಸೂಚನೆ ಕೊಡುತ್ತವೆ. 'ಬಿ ಕಣ' ಎಂಬವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯವೆಂದರೆ ಬೀಗಕ್ಕೆ ಬೀಗದಕೈ ಹೊಂದುವಂತೆ ಶತ್ರುವಿನ ಮೈಯ ಒಂದು ಭಾಗಕ್ಕೆ ಹೊಂದಿ ಅಂಟಿಕೊಳ್ಳುವ ಪ್ರೋಟೀನು.

ಕಾವಲುಗಾರನಿಗೆ ಮುಖ್ಯವಾಗಿ ತಿಳಿದಿರಬೇಕಾದುದು ತನ್ನವರಾರು, ಹೊರಗಿನವರಾರು ಎಂಬುದು. ಎದೆಯ ಗೂಡಿನಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಎಳೆಯ ಟಿ ಕಣಗಳಿಗೆ ಇದರ ಪರೀಕ್ಷೆ ನಡೆಯುತ್ತದೆ. ದೇಹದ ಸ್ವಂತ ಅಂಶಗಳ ಮೇಲೆಯೇ ಬೀಳುವ ಕಣಗಳನ್ನು ಅಲ್ಲಿಯೇ ನಾಶಮಾಡಲಾಗುತ್ತದೆ. ಆದರೆ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಂಡು ಹೊರಬರುವ ಕಣಗಳೂ ಉಂಟು. ಜರ್ಮನಿಯ ವಿಜ್ಞಾನಿ ಪಾಲ್ ಏರ್ಲಿಖ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇದನ್ನು ಕುರಿತು ಯೋಚಿಸಿದ್ದನು. ದೇಹವು ತನ್ನನ್ನೇ ವಿಷವೆಂದು ಬಗೆದು ದಾಳಿಮಾಡಲು ಅಂಜುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಈ ಅಂಜಿಕೆ ತಪ್ಪಿದಾಗ ಬರುವ ರೋಗಗಳಿಗೆ ಸ್ವಯಂನಿರೋಧಕ ರೋಗಗಳೆಂದು ಹೆಸರು.

ಅವುಗಳಲ್ಲಿ ಒಂದು ಗುಂಪು ಸಂಯೋಜಕ ಅಂಗಾಂಶಕ್ಕೆ ಸಂಬಂಧಿಸಿದುದು. ಮಾಡಿನ ಗಳುಗಳನ್ನು ಹಗ್ಗ ಕಟ್ಟಿ ನಿಲ್ಲಿಸುವಂತೆ ನಮ್ಮ ಅಂಗಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಅಂಗಾಂಶವೇ ಸಂಯೋಜಕ ಅಂಗಾಂಶ. ಚರ್ಮದ ಒಳಪದರ, ಕೀಲುಗಳ ಪೊರೆ, ರಕ್ತನಾಳಗಳ ಗೋಡೆ ಇವುಗಳಲ್ಲೆಲ್ಲ ಅದು ಇದೆ. ಬೇರೆ ಬೇರೆ ರೋಗಗಳೆಂದು ಕಾಣುವ ಇವೆಲ್ಲದರಲ್ಲಿಯೂ ಈ ಅಂಗಾಂಶವೇ ಹಾಳಾಗುತ್ತದೆಂದು ನ್ಯೂಯಾರ್ಕಿನ ಪಾಲ್ ಕ್ಲೆಂಪರರ್ ಮತ್ತು ಸಂಗಡಿಗರು 1942ರಲ್ಲಿ ತೋರಿಸಿದರು. ಲೂಪಸ್ ಈ ಗುಂಪಿನದು. ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮ, ಕಣ್ಣು ಬಾಯಿ ಒಣಗುವ ಷೋಗ್ರೆನ್ ರೋಗ ಮೊದಲಾದವೂ ಇದರಲ್ಲಿ ಸೇರುತ್ತವೆ.

ಅಣ್ಣನ ತಪ್ಪಿಗೆ ತಮ್ಮನಿಗೆ ಬೈಗುಳು

ಕಾವಲುಗಾರ ಏಕೆ ತಪ್ಪುತ್ತಾನೆ? ನಮ್ಮ ಶಾಲೆಯಲ್ಲಿಯೇ ನಡೆಯುವ ಒಂದು ಉದಾಹರಣೆ ಕೊಡೋಣ. ಎಲ್ಲರೂ ಒಂದೇ ಸಮವಸ್ತ್ರ ಧರಿಸಿರುತ್ತಾರೆ. ವರಾಂಡದಲ್ಲಿ ಓಡಿದವನು ಅಣ್ಣ. ಬೆನ್ನ ಹಿಂದಿನಿಂದ ನೋಡಿದ ಅಧ್ಯಾಪಕರು ತಮ್ಮನನ್ನು ಹಿಡಿದು ಬೈಯುತ್ತಾರೆ. ಅಧ್ಯಾಪಕರಿಗೆ ಅವನ ಮೇಲೆ ದ್ವೇಷವಿಲ್ಲ. ತಮ್ಮನದು ತಪ್ಪೂ ಇಲ್ಲ. ಹೋಲಿಕೆಯೇ ಈ ಪ್ರಮಾದಕ್ಕೆ ಕಾರಣ. ದೇಹದಲ್ಲಿಯೂ ಹೀಗೆ ನಡೆಯುವುದುಂಟು.

ಇದಕ್ಕೆ ಚೆನ್ನಾಗಿ ತಿಳಿದಿರುವ ಉದಾಹರಣೆಯೆಂದರೆ ರುಮಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇದು ಬರುವುದು ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಮೊದಲು ಗಂಟಲು ನೋಯುತ್ತದೆ. ನೋವು ಕಡಿಮೆಯಾಗುತ್ತದೆ, ಮನೆಯವರು ಮರೆತುಬಿಡುತ್ತಾರೆ. ಎರಡು ಮೂರು ವಾರಗಳಾದ ಮೇಲೆ ಜ್ವರ ಬಂದು ಇಂದು ಮೊಣಕಾಲು, ನಾಳೆ ಮಣಿಕಟ್ಟು ಎಂಬಂತೆ ಕೀಲುಗಳು ಊದಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾದ ಮೈಮೇಲಿನ ಒಂದು ಪ್ರೋಟೀನಿಗೂ ನಮ್ಮ ಹೃದಯದ ಪ್ರೋಟೀನುಗಳಿಗೂ ಹೋಲಿಕೆ ಇದೆ. ಒಂದಕ್ಕಾಗಿ ತಯಾರಾದ ಪ್ರತಿಕಾಯಗಳು ಇನ್ನೊಂದರ ಮೇಲೂ ಬೀಳುತ್ತವೆ. ಕೀಲುಗಳ ಊತ ಇಳಿದು ಹೋದರೂ ಹೃದಯದ ಕವಾಟಗಳಿಗೆ ಆದ ಗಾಯ ಜೀವಮಾನವಿಡೀ ಉಳಿಯಬಹುದು.

ಗಂಟಲು ನೋವಿನ ಹೊತ್ತಿನಲ್ಲಿಯೇ ವೈದ್ಯರು ಹೇಳಿದಂತೆ ಪೆನಿಸಿಲಿನ್ ಔಷಧವನ್ನು ಪೂರ್ತಿಯಾಗಿ ತೆಗೆದುಕೊಂಡರೆ ಈ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ ಮರಳಿ ಬಾರದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವು ವರ್ಷ ಕೊಡುತ್ತಾರೆ. ಬ್ಯಾಕ್ಟೀರಿಯಾ ಮತ್ತು ಸ್ವಯಂನಿರೋಧಕ ರೋಗ ಇವೆರಡರ ಸಂಬಂಧ ಇಲ್ಲಿ ಸ್ಪಷ್ಟವಾಗಿದೆ. ಆದರೆ ಸ್ಟ್ರೆಪ್ಟೊಕಾಕಸ್ ಹೊರಗಿನಿಂದ ಬಂದ ರೋಗಾಣು. ಲೂಪಸ್ ರೋಗಿಗಳಲ್ಲಿ ಅಂತಹ ಒಂದು ರೋಗಾಣು ಸಿಕ್ಕಿಲ್ಲ. ಆದುದರಿಂದ ವಿಜ್ಞಾನಿಗಳ ದೃಷ್ಟಿ ಮೈಯ ಒಕ್ಕಲುಗಳ ಕಡೆಗೆ ತಿರುಗಿತು.

ಲೂಪಸ್ ಎಂದರೆ ಏನು?

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಹುಣ್ಣು ತೋಳ ಕಚ್ಚಿದಂತೆ ಕಾಣುತ್ತದೆಂದು ಹಿಂದಿನ ಯುರೋಪಿನ ವೈದ್ಯರು ಹೀಗೆ ಕರೆದರು. ಈ ರೋಗದಲ್ಲಿ ಪ್ರತಿಕಾಯಗಳು ದೇಹದ ಸ್ವಂತ ಜೀವಕೋಶಗಳ ಒಳಗಿನ ಅಂಶಗಳಿಗೇ ವಿರುದ್ಧವಾಗಿ ತಯಾರಾಗುತ್ತವೆ. ಕೆನ್ನೆಗಳಲ್ಲಿ ಚಿಟ್ಟೆಯ ರೆಕ್ಕೆಯಂತೆ ಕೆಂಪು, ಕೀಲುನೋವು, ಕೂದಲು ಉದುರುವುದು, ಬಾಯಿಹುಣ್ಣು, ದಣಿವು ಇವು ಅದರ ಲಕ್ಷಣಗಳು. ಪ್ರತಿಕಾಯಗಳ ಗಂಟುಗಳು ಮೂತ್ರಪಿಂಡಗಳಲ್ಲಿ ಸಿಕ್ಕಿಕೊಂಡರೆ ಅವು ಕೆಡುತ್ತವೆ. ಇದೇ ಅಪಾಯದ ಸಂಗತಿ. ಹರೆಯದ ಮತ್ತು ನಡುವಯಸ್ಸಿನ ರೋಗಿಗಳಲ್ಲಿ ಹತ್ತು ಮಂದಿಗೆ ಒಂಬತ್ತು ಮಂದಿ ಹೆಂಗಸರು.

ರೋಗ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಅದರ ಬೀಜ ಬಿದ್ದಿರುತ್ತದೆ. ಅಮೆರಿಕದ ಸೈನಿಕರ ರಕ್ತದ ಸಾರವನ್ನು ಅಲ್ಲಿ ಆಗಾಗ ತೆಗೆದು ಶೇಖರಿಸಿಡುವ ಕ್ರಮವಿದೆ. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ಮಾದರಿಗಳನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 115 ಮಂದಿಯ ರಕ್ತದಲ್ಲಿ, ರೋಗ ಪತ್ತೆಯಾಗುವ ಮೊದಲೇ ಪ್ರತಿಕಾಯಗಳಿದ್ದವು. ಸರಾಸರಿ ಮೂರು ವರ್ಷಕ್ಕಿಂತ ಹೆಚ್ಚು, ಕೆಲವರಲ್ಲಿ ಒಂಬತ್ತು ವರ್ಷಕ್ಕಿಂತಲೂ ಮುಂಚೆ ಅವು ತಲೆದೋರಿದ್ದವು. ಎಲ್ಲಕ್ಕಿಂತ ಮೊದಲು ಬಂದವುಗಳಲ್ಲಿ 'ರೋ' ಪ್ರೋಟೀನಿಗೆ ವಿರುದ್ಧವಾದ ಪ್ರತಿಕಾಯವೂ ಒಂದು. ಆ ತಾಯಿಯ ಕಾಗದದಲ್ಲಿದ್ದ 'ರೋ' ಇದೇ.

'ರೋ' ಮತ್ತು ಅದರ ಹೋಲಿಕೆಯವರು

'ರೋ' ಎಂಬುದು ಒಬ್ಬ ರೋಗಿಯ ಹೆಸರಿನ ಮೊದಲ ಅಕ್ಷರಗಳಿಂದ ಬಂದ ಹೆಸರು. 1969ರಲ್ಲಿ ಅದನ್ನು ಮೊದಲು ವಿವರಿಸಿದರು. ಅದರಲ್ಲಿ ಮುಖ್ಯವಾದ 'ರೋ 60' ನಮ್ಮ ಪ್ರತಿಯೊಬ್ಬರ ಜೀವಕೋಶಗಳಲ್ಲಿಯೂ ಇರುವ ಪ್ರೋಟೀನು. ಸಣ್ಣ ಸಣ್ಣ ಆರ್‌ಎನ್‌ಎ ಅಣುಗಳನ್ನು ಹಿಡಿದುಕೊಂಡು, ಕೆಟ್ಟವುಗಳನ್ನು ವಿಲೇವಾರಿ ಮಾಡುವುದರಲ್ಲಿ ಅದು ನೆರವಾಗುತ್ತದೆ. ಜೀವಕೋಶಕ್ಕೆ ಇದು ಎಷ್ಟು ಬೇಕಾದ ಕೆಲಸವೆಂದರೆ, ಇಂತಹ ಪ್ರೋಟೀನು ಮನುಷ್ಯರಲ್ಲಿ ಮಾತ್ರವಲ್ಲದೆ ಕೆಲವು ಬ್ಯಾಕ್ಟೀರಿಯಾಗಳಲ್ಲಿಯೂ ಇದೆ.

ಇಲ್ಲಿಂದಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾರ್ಟಿನ್ ಕ್ರೀಗಲ್ ಮತ್ತು ಸಂಗಡಿಗರಿಗೆ ಒಂದು ಸಂದೇಹ ಹುಟ್ಟಿತು. ನಮ್ಮ ಮೈಯ ಒಕ್ಕಲುಗಳಲ್ಲಿ ಯಾರಾದರೂ 'ರೋ 60'ರ ಹೋಲಿಕೆಯ ಪ್ರೋಟೀನು ಇಟ್ಟುಕೊಂಡಿದ್ದಾರೆಯೇ? ಹುಡುಕಿದಾಗ ಚರ್ಮದಲ್ಲಿ, ಬಾಯಿಯಲ್ಲಿ, ಕರುಳಿನಲ್ಲಿ ಅಂತಹ ಬ್ಯಾಕ್ಟೀರಿಯಾಗಳು ಸಿಕ್ಕಿದವು. ಚರ್ಮದಲ್ಲಿ ಸಿಕ್ಕಿದುದರ ಹೆಸರು ಪ್ರೊಪಿಯೋನಿಬ್ಯಾಕ್ಟೀರಿಯಂ ಪ್ರೊಪಿಯೋನಿಕಂ. ಕರುಳಿನದು ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಮೈಕ್ರಾನ್. ಹೆಸರು ಉದ್ದವಾದರೂ ಇದು ಅಪರೂಪದ ಜೀವಿಯಲ್ಲ. ಅನೇಕರ ಕರುಳಿನಲ್ಲಿದ್ದು ನಾರನ್ನು ಜೀರ್ಣಿಸಲು ಸಹಾಯ ಮಾಡುವಂಥದು.

2018ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. ಮೊದಲನೆಯದರಲ್ಲಿ, ಲೂಪಸ್ ರೋಗಿಗಳ ರಕ್ತದಿಂದ 'ರೋ 60'ನ್ನು ಗುರುತಿಸುವ ಟಿ ಕಣಗಳನ್ನು ಬೇರ್ಪಡಿಸಿದರು. ಆ ಕಣಗಳಿಗೆ ಬ್ಯಾಕ್ಟೀರಿಯಾದ ಪ್ರೋಟೀನನ್ನು ತೋರಿಸಿದಾಗ ಅದರ ಮೇಲೂ ಅವು ಎದ್ದುನಿಂತವು. ಎಂದರೆ ಅಣ್ಣನಿಗೂ ತಮ್ಮನಿಗೂ ಭೇದ ತಿಳಿಯಲಿಲ್ಲ. ಎರಡನೆಯ ಪ್ರಯೋಗ ಇಲಿಗಳ ಮೇಲೆ ನಡೆಯಿತು. ಹುಟ್ಟಿನಿಂದಲೇ ಯಾವ ಬ್ಯಾಕ್ಟೀರಿಯಾವೂ ತಾಗದಂತೆ ಬೆಳೆಸಿದ ಇಲಿಗಳ ಕರುಳಿನಲ್ಲಿ, ಆ ಹೋಲಿಕೆಯ ಪ್ರೋಟೀನಿರುವ ಬ್ಯಾಕ್ಟೀರಿಯಾ ಒಂದನ್ನೇ ನೆಲೆಗೊಳಿಸಿದರು. ಆ ಇಲಿಗಳ ದೇಹದಲ್ಲಿ ಮನುಷ್ಯರ 'ರೋ 60'ಕ್ಕೆ ವಿರುದ್ಧವಾದ ಪ್ರತಿಕಾಯಗಳು ತಯಾರಾದವು. ಮೂತ್ರಪಿಂಡಗಳಲ್ಲಿ ಪ್ರತಿಕಾಯಗಳ ಗಂಟುಗಳೂ ಸೇರಿಕೊಂಡವು.

ಬಿಸಿಲಿಗೆ ಹೋದರೆ ಮುಖ ಕೆಂಪಾಗುವುದೇಕೆ ಎಂಬುದೂ ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮದ ಕೆಲವು ಜೀವಕೋಶಗಳು ಸಾಯುತ್ತವೆ. ಸಾಯುವಾಗ ಒಳಗೆ ಅಡಗಿರುವ 'ರೋ' ಜೀವಕೋಶದ ಮೇಲ್ಭಾಗಕ್ಕೆ ಬರುತ್ತದೆ. ಅದಕ್ಕಾಗಿಯೇ ಕಾದಿರುವ ಪ್ರತಿಕಾಯಗಳು ಅಲ್ಲಿ ಅಂಟಿಕೊಳ್ಳುತ್ತವೆ, ಉರಿ ಏಳುತ್ತದೆ.

ಕರುಳಿನ ಬೇಲಿ ಮುರಿದಾಗ

ಹೋಲಿಕೆಯಲ್ಲದೆ ಇನ್ನೊಂದು ದಾರಿಯೂ ಇದೆ. ಕರುಳಿನ ಒಳಪೊರೆಯು ಒಂದೇ ಒಂದು ಸಾಲು ಜೀವಕೋಶಗಳಿಂದಾದ ಬೇಲಿ. ಅದರ ಮೇಲೆ ಲೋಳೆಯ ಹೊದಿಕೆ ಇದೆ. ಒಕ್ಕಲುಗಳು ಬೇಲಿಯ ಆಚೆ ಇರುವವರೆಗೆ ತೊಂದರೆಯಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿಯೇ 2018ರಲ್ಲಿ ನಡೆದ ಇನ್ನೊಂದು ಸಂಶೋಧನೆಯಲ್ಲಿ, ಲೂಪಸ್‌ನಂತಹ ರೋಗಕ್ಕೆ ಗುರಿಯಾಗುವ ಜಾತಿಯ ಇಲಿಗಳನ್ನು ಪರೀಕ್ಷಿಸಿದರು. ಎಂಟರೊಕಾಕಸ್ ಗ್ಯಾಲಿನೇರಂ ಎಂಬ ಕರುಳಿನ ಬ್ಯಾಕ್ಟೀರಿಯಾವು ಈ ಇಲಿಗಳಲ್ಲಿ ಬೇಲಿ ದಾಟಿ ಯಕೃತ್ತನ್ನು ಸೇರಿಕೊಂಡಿತ್ತು. ಅದರಿಂದ ಕಾವಲು ಪಡೆ ಕೆರಳಿತ್ತು. ಅದನ್ನು ಔಷಧದಿಂದ ಅಥವಾ ಲಸಿಕೆಯಿಂದ ಅಡಗಿಸಿದಾಗ ಇಲಿಗಳ ರೋಗ ತಗ್ಗಿತು. ಕೆಲವು ರೋಗಿಗಳ ಯಕೃತ್ತಿನ ತುಣುಕುಗಳಲ್ಲಿಯೂ ಇದೇ ಬ್ಯಾಕ್ಟೀರಿಯಾದ ಗುರುತು ಕಂಡುಬಂದಿತು.

ಮರುವರ್ಷ, ಎಂದರೆ 2019ರಲ್ಲಿ, ನ್ಯೂಯಾರ್ಕಿನ ಗ್ರೆಗ್ ಸಿಲ್ವರ್‌ಮನ್ ಮತ್ತು ಸಂಗಡಿಗರು ಲೂಪಸ್ ಇರುವ 61 ಮಂದಿ ಹೆಂಗಸರ ಕರುಳಿನ ಬ್ಯಾಕ್ಟೀರಿಯಾಗಳನ್ನು ಆರೋಗ್ಯವಂತರವುಗಳೊಂದಿಗೆ ಹೋಲಿಸಿದ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳಲ್ಲಿ ರೂಮಿನೊಕಾಕಸ್ ನೇವಸ್ ಎಂಬ ಬ್ಯಾಕ್ಟೀರಿಯಾ ಸರಾಸರಿ ಐದು ಪಟ್ಟು ಹೆಚ್ಚಾಗಿತ್ತು. ಒಕ್ಕಲುಗಳಲ್ಲಿ ಒಂದು ಜಾತಿ ಮಿತಿಮೀರಿ ಹೆಚ್ಚಿದರೂ ಸಮತೋಲ ಕೆಡುತ್ತದೆಂಬ ಊಹೆಗೆ ಇದು ಬಲ ಕೊಟ್ಟಿದೆ.

ಅವಸರದ ತೀರ್ಮಾನ ಬೇಡ

ಇಷ್ಟು ಓದಿದವರು, ಹಾಗಾದರೆ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದುಬಿಟ್ಟರಾಯಿತಲ್ಲ ಎನ್ನಬಹುದು. ಇಲ್ಲಿ ನಾವು ತಾಳ್ಮೆಯಿಂದ ಯೋಚಿಸಬೇಕು. 'ರೋ'ವನ್ನು ಹೋಲುವ ಪ್ರೋಟೀನಿರುವ ಬ್ಯಾಕ್ಟೀರಿಯಾಗಳು ಆರೋಗ್ಯವಂತರಲ್ಲಿಯೂ ಇವೆ. ಅವರಿಗೆ ರೋಗವಿಲ್ಲ. ರೋಗ ಬರಲು ಹುಟ್ಟಿನಿಂದ ಬಂದ ಗುಣ, ಹೆಂಗಸರ ದೇಹದ ವಿಶೇಷತೆ, ಬಿಸಿಲು, ಕೆಲವು ವೈರಸ್‌ಗಳ ಸೋಂಕು ಇವೆಲ್ಲ ಕೂಡಿಬರಬೇಕಾಗುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿಯೂ ಹಾಗೆಯೇ ನಡೆಯಬೇಕೆಂದಿಲ್ಲ. ರೋಗದಿಂದ, ಔಷಧದಿಂದ, ಪಥ್ಯದಿಂದ ಕೂಡ ಕರುಳಿನ ಬ್ಯಾಕ್ಟೀರಿಯಾಗಳು ಬದಲಾಗುತ್ತವೆ. ಆದುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಬಿಡಿಸುವ ಕೆಲಸ ಇನ್ನೂ ನಡೆಯುತ್ತಿದೆ.

ಹೀಗಿರುವಾಗ ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆ ತಂದು ನುಂಗುವುದು ತಪ್ಪು. ಸಲ್ಫಾ ಗುಂಪಿನ ಔಷಧಗಳಿಂದ ಲೂಪಸ್ ಕೆರಳುವುದೂ ಉಂಟು. ಮೈಯನ್ನು ದಿನಕ್ಕೆ ನಾಲ್ಕು ಬಾರಿ ರೋಗಾಣುನಾಶಕ ಸಾಬೂನಿನಿಂದ ತಿಕ್ಕುವುದರಿಂದಲೂ ಪ್ರಯೋಜನವಿಲ್ಲ. ಕರುಳನ್ನು ಶುದ್ಧಿ ಮಾಡಿ ಲೂಪಸ್ ವಾಸಿಮಾಡುತ್ತೇವೆಂದು ಯಾರಾದರೂ ಹೇಳಿದರೆ ನಂಬಬಾರದು.

ಆ ತಾಯಿಯ ಪ್ರಶ್ನೆಗಳಿಗೆ ಉತ್ತರ

ಇದು ಯಾರಿಂದ ಅಂಟಿದ್ದು? ಯಾರಿಂದಲೂ ಅಲ್ಲ. ಇಲ್ಲಿ ಹೇಳಿದ ಬ್ಯಾಕ್ಟೀರಿಯಾಗಳು ಅವಳ ಪಕ್ಕದಲ್ಲಿ ಕುಳಿತವರ ಮೈಯಲ್ಲಿಯೂ ಇರಬಹುದು, ಇದನ್ನು ಬರೆಯುವ ನಮ್ಮ ಮೈಯಲ್ಲಿಯೂ ಇರಬಹುದು. ರೋಗವಿರುವುದು ಬ್ಯಾಕ್ಟೀರಿಯಾದಲ್ಲಲ್ಲ, ಅದನ್ನು ಗುರುತಿಸುವ ಕಾವಲಿನ ತಪ್ಪಿನಲ್ಲಿ. ಕಾವಲಿನ ಈ ತಪ್ಪು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತರೆ, ಬುತ್ತಿ ಹಂಚಿಕೊಂಡರೆ, ಕೈಹಿಡಿದು ಆಡಿದರೆ ಲೂಪಸ್ ಬರುವುದಿಲ್ಲ.

ನಮ್ಮಿಂದ ಏನು ತಪ್ಪಾಯಿತು? ಏನೂ ಇಲ್ಲ. ಚರ್ಮದ ಮೇಲೆ ಏನು ಕಂಡರೂ ನಾಗನ ಮುನಿಸೆಂದು ಹೇಳುವ ವಾಡಿಕೆ ನಮ್ಮ ಸೀಮೆಯಲ್ಲಿದೆ. ಹರಕೆ ಹೇಳಿಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಹರಕೆ ತೀರುವವರೆಗೆ ಔಷಧವನ್ನು ಕಾಯಿಸಬಾರದೆಂದು ಮಾತ್ರ ಕೈಮುಗಿದು ಕೇಳುತ್ತೇವೆ. ಮೂತ್ರಪಿಂಡಗಳು ಕೆಡುವಾಗ ನೋವು ಇರುವುದಿಲ್ಲ. ಕಳೆದುಹೋದ ತಿಂಗಳುಗಳು ಮರಳಿ ಬರುವುದಿಲ್ಲ.

ಗುಣವಾಗುತ್ತದೆಯೇ? ಬೇರು ಸಹಿತ ಕಿತ್ತುಹಾಕುವ ಔಷಧ ಇಂದು ರೂಢಿಯಲ್ಲಿಲ್ಲ. ಆದರೆ ಹತೋಟಿಯಲ್ಲಿಡಬಹುದು. 1950ರ ದಶಕದಲ್ಲಿ ರೋಗ ಪತ್ತೆಯಾದ ನಾಲ್ಕು ವರ್ಷಗಳಲ್ಲಿ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಕೊಳ್ಳುತ್ತಿದ್ದರು. ಇಂದು ಒಳ್ಳೆಯ ಚಿಕಿತ್ಸೆ ಸಿಗುವಲ್ಲಿ ಹತ್ತು ಮಂದಿಗೆ ಒಂಬತ್ತು ಮಂದಿ ಹತ್ತು ವರ್ಷಗಳನ್ನು ದಾಟುತ್ತಾರೆ. ಅನೇಕರು ಓದಿ, ಕೆಲಸ ಮಾಡಿ, ಮದುವೆಯಾಗಿ ಸಂಸಾರ ನಡೆಸುತ್ತಾರೆ. ಮಲೇರಿಯಾಕ್ಕೆಂದು ತಯಾರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧವನ್ನು ಸಾಮಾನ್ಯವಾಗಿ ಎಲ್ಲ ರೋಗಿಗಳಿಗೂ ಕೊಡುತ್ತಾರೆ. ಅದನ್ನು ಬಹುಕಾಲ ತೆಗೆದುಕೊಳ್ಳುವವರು ವೈದ್ಯರು ಹೇಳಿದಾಗ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗ ಕೆರಳಿದಾಗ ಸ್ಟೀರಾಯ್ಡ್ ಕೊಡುತ್ತಾರೆ. ಮುಖ ದಪ್ಪಗಾಯಿತೆಂದು ಹೆದರಿಯೋ, ಈಗ ಚೆನ್ನಾಗಿದ್ದೇನೆಂದು ಉಬ್ಬಿಯೋ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು.

'ರೋ' ಪ್ರತಿಕಾಯವಿರುವವರು ನೆನಪಿಟ್ಟುಕೊಳ್ಳಬೇಕಾದ ಇನ್ನೊಂದು ಮಾತು ಇದೆ. ಮುಂದೆ ಗರ್ಭಿಣಿಯಾದಾಗ ಈ ಪ್ರತಿಕಾಯ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಲ್ಲಿ ಅದು ಹೃದಯದ ಬಡಿತವನ್ನು ಕೆಡಿಸುವುದುಂಟು. ಮೊದಲೇ ತಿಳಿಸಿದ್ದರೆ ವೈದ್ಯರು ಗಮನವಿಟ್ಟು ನೋಡುತ್ತಾರೆ. ಆದುದರಿಂದ ಆ ಕಾಗದವನ್ನು ಜೋಪಾನವಾಗಿ ತೆಗೆದಿಡಬೇಕು.

ಪಾಲಕರು ಗಮನಿಸಬೇಕಾದುದು

ಮಕ್ಕಳಿಗೆ ಕಾರಣ ತಿಳಿಯದ ಜ್ವರ ಎರಡು ಮೂರು ವಾರ ಉಳಿದರೆ, ಬೆಳಗ್ಗೆ ಎದ್ದಾಗ ಬೆರಳುಗಳು ಬಿಗಿದುಕೊಂಡಿದ್ದರೆ, ಬಿಸಿಲಿನಿಂದ ಮುಖದಲ್ಲಿ ಕೆಂಪು ಎದ್ದರೆ, ಕೂದಲು ವಿಪರೀತ ಉದುರಿದರೆ, ಚಳಿಗೆ ಬೆರಳ ತುದಿ ಬಿಳಿಚಿಕೊಂಡು ನೀಲಿಯಾದರೆ, ಬೆಳಗ್ಗೆ ಕಣ್ಣಿನ ರೆಪ್ಪೆ ಊದಿದ್ದರೆ, ಮೂತ್ರ ನೊರೆ ನೊರೆಯಾಗಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾದರೂ ಕರೆದುಕೊಂಡು ಹೋಗಿರಿ. ಈ ಲಕ್ಷಣಗಳಿದ್ದವರಿಗೆಲ್ಲ ಲೂಪಸ್ ಇರುತ್ತದೆಂದಲ್ಲ. ಒಂದು ಮೂತ್ರಪರೀಕ್ಷೆಯಿಂದ, ಒಂದು ರಕ್ತಪರೀಕ್ಷೆಯಿಂದ ಎಷ್ಟೋ ಸಂಗತಿ ತಿಳಿಯುತ್ತದೆ. ಮಗುವಿಗೆ ಗಂಟಲು ನೋವು ಮತ್ತು ಜ್ವರ ಬಂದಾಗಲೂ ತೋರಿಸಿರಿ. ವೈದ್ಯರು ಕೊಟ್ಟ ಔಷಧವನ್ನು ನೋವು ನಿಂತಿತೆಂದು ಅರ್ಧಕ್ಕೆ ಬಿಡಬೇಡಿರಿ.

ಆ ವಿದ್ಯಾರ್ಥಿನಿಯ ವಿಷಯ ಹೇಳಿ ಮುಗಿಸುತ್ತೇವೆ. ಅವಳು ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಜ್ವರ ನಿಂತಿದೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ಅಂಗಳದ ಬಿಸಿಲಿನಲ್ಲಿ ನಿಲ್ಲುವ ಬದಲು ವರಾಂಡದ ನೆರಳಿನಲ್ಲಿ ನಿಲ್ಲಲು ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟಿದ್ದಾರೆ. ಆಟದ ಪಿರಿಯಡಿನಲ್ಲಿ ಕೊಡೆ ಹಿಡಿದು ಅಂಕಗಳನ್ನು ಬರೆಯುವ ಕೆಲಸ ಅವಳದು. ಈ ಬರಹದ ಮುಖ್ಯ ಅಂಶಗಳನ್ನು ನಾವು ಅರ್ಧ ವಾರ್ಷಿಕ ಪರೀಕ್ಷೆಗೆ ಮೊದಲು ಅವಳ ತರಗತಿಯಲ್ಲಿ ಪಾಠದಂತೆ ಹೇಳಿದೆವು. ಪ್ರಶ್ನೆಗಳು ಬಹಳ ಬಂದವು. ಮರುದಿನ ಹಾಜರಿ ಕರೆಯಲು ಹೋದಾಗ, ಎದ್ದು ಹೋಗಿದ್ದ ಆ ಇಬ್ಬರೂ ಮೊದಲಿನ ಬೆಂಚಿಗೆ ಬಂದು ಕುಳಿತಿದ್ದರು.